ಸಂಜೆ ಬಸ್ಸಿನವರಿಗೂ ಸಲ್ಲುವ ಸೆಮಿಸ್ಟರ್: ವಿದ್ಯಾರ್ಥಿ ಸಂಘದ ಹೊಸ ತಂಡಕ್ಕೆ

ಸಂಘಕ್ಕೆ ಆಯ್ಕೆಯಾದ ಮೊದಲ ವಾರ ಎಲ್ಲರ ಬಾಯಲ್ಲೂ ಫೆಸ್ಟಿನದೇ ಮಾತು. ಅತಿಥಿ ಯಾರು, ಡಿಜೆ ಯಾರು, ಟೀಶರ್ಟಿನ ಬಣ್ಣ ಯಾವುದು. ಅದನ್ನೆಲ್ಲ ಸದ್ಯಕ್ಕೆ ಬದಿಗಿಡಿ. ಒಂದೊಂದು ಹಾಳೆಯನ್ನು ಪ್ರತಿ ಕ್ಲಾಸಿನ ಸಿಆರ್ (ಕ್ಲಾಸಿನ ಪ್ರತಿನಿಧಿ) ಕೈಗೆ ಕೊಟ್ಟು ಕಳಿಸಿ. ಅದರಲ್ಲಿ ಮೂರೇ ಕಾಲಂ ಇರಲಿ: ಯಾವ ಊರು, ಸಂಜೆ ಹಿಡಿಯುವ ಬಸ್ಸು ಯಾವುದು, ಅದು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ. ಎರಡು ದಿನದಲ್ಲಿ ಹಾಳೆ ತಿರುಗಿ ಬರುತ್ತದೆ. ನೀವು ಮಾಡಬೇಕಾದ ಯೋಜನೆಯ ಅರ್ಧ ಆ ಹಾಳೆಯಲ್ಲೇ ಇರುತ್ತದೆ.

ನಾನು ಇದೇ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಓದಿದವಳು. ಹಾರವಾಡದಿಂದ ದಿನಾ ಬಂದು ಹೋಗುತ್ತಿದ್ದೆ. ಮೂರನೇ ವರ್ಷದಲ್ಲಿ ಸಂಘದ ಕಾರ್ಯದರ್ಶಿಯಾಗಿದ್ದೆ. ನಮ್ಮ ಕಾಲೇಜಿಗೆ ಅಂಕೋಲಾ, ಅವರ್ಸಾ, ಅಮದಳ್ಳಿ, ಚೆಂಡಿಯಾ ಕಡೆಯಿಂದ ಬರುವವರು ಕಾರವಾರ ಸ್ಟ್ಯಾಂಡಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಕಾಳಿ ಹೊಳೆ ದಾಟಬೇಕು. ಕದ್ರಾ, ಮಲ್ಲಾಪುರ, ದೇವಳಮಕ್ಕಿ ಕಡೆಯವರದೂ ಇದೇ ಕತೆ. ಸಂಜೆ ಐದಕ್ಕೆ ಶುರುವಾಗುವ ಯಾವ ಕಾರ್ಯಕ್ರಮವೂ ಇವರ ಪಾಲಿಗೆ ಇಲ್ಲ. ಸಂಘದ ಹಣ ಹಾಸ್ಟೆಲಿನವರು ಕೊಟ್ಟಷ್ಟೇ ಇವರೂ ಕೊಟ್ಟಿದ್ದಾರೆ, ಶುಲ್ಕದ ಜೊತೆಗೇ ಕಟ್ಟಿದ್ದಾರೆ. ಆದ್ದರಿಂದ ನನ್ನ ಮೊದಲ ಮಾತು, ಇದೊಂದನ್ನು ಒಪ್ಪಿಕೊಂಡು ಮುಂದೆ ಓದಿ: ಸೆಮಿಸ್ಟರಿನ ಯಾವ ಮುಖ್ಯ ಚಟುವಟಿಕೆಯೂ ಮಧ್ಯಾಹ್ನ ನಾಲ್ಕು ದಾಟಬಾರದು.

ಇದು ಸಾಧ್ಯವಾಗಬೇಕಾದರೆ ಟೈಮ್‌ಟೇಬಲ್ಲಿನಲ್ಲೇ ಜಾಗ ಹಿಡಿಯಬೇಕು. ಟೈಮ್‌ಟೇಬಲ್ ಅಂತಿಮವಾಗುವ ಮೊದಲೇ, ಅಂದರೆ ಕ್ಲಾಸು ಶುರುವಾಗುವ ಮುಂಚಿನ ವಾರವೇ, ಎಲ್ಲ ವಿಭಾಗದ ಮುಖ್ಯಸ್ಥರನ್ನು ಒಬ್ಬೊಬ್ಬರಾಗಿ ಕಾಣಿ. ಹದಿನೈದು ದಿನಕ್ಕೊಮ್ಮೆ, ಒಂದು ಗೊತ್ತಾದ ದಿನ, ಕೊನೆಯ ಎರಡು ಪೀರಿಯಡ್ ಎಲ್ಲ ಬ್ರಾಂಚುಗಳಿಗೂ ಒಟ್ಟಿಗೆ ಬಿಡುವು ಸಿಗಲಿ ಎಂದು ಕೇಳಿ. ಬುಧವಾರ ಒಳ್ಳೆಯದು. ಶುಕ್ರವಾರ ಬೇಡ, ಆ ಮಧ್ಯಾಹ್ನ ಘಟ್ಟದ ಮೇಲಿನ ಹುಡುಗರು ಶಿರಸಿ, ಯಲ್ಲಾಪುರದ ಬಸ್ಸು ನೋಡುತ್ತಿರುತ್ತಾರೆ. ಒಬ್ಬ ಮುಖ್ಯಸ್ಥರು ಒಪ್ಪಿ ಇನ್ನೊಬ್ಬರು ಒಪ್ಪದಿದ್ದರೆ ಪ್ರಿನ್ಸಿಪಾಲರ ಬಳಿ ಓಡಬೇಡಿ. ಒಪ್ಪದವರಿಗೆ ಆ ಲ್ಯಾಬ್ ಬ್ಯಾಚನ್ನು ಬೇರೆ ಯಾವ ದಿನಕ್ಕೆ ಸರಿಸಬಹುದು ಎಂದು ನೀವೇ ಬರೆದುಕೊಂಡು ಹೋಗಿ ತೋರಿಸಿ. ಮೇಷ್ಟ್ರುಗಳಿಗೂ ಹಾಜರಾತಿಯ ಚಿಂತೆ ಇರುತ್ತದೆ. ನಮ್ಮ ವಿಟಿಯುನಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಶೇಕಡಾ 85 ಹಾಜರಾತಿ ಬೇಕು. ಪೀರಿಯಡ್ ಅಧಿಕೃತವಾಗಿ ಬಿಡುವಾದರೆ ಯಾರೂ ಓಡಿಗಾಗಿ (ಆನ್ ಡ್ಯೂಟಿ ಎಂದು ಕೊಡುವ ಹಾಜರಾತಿ) ಅಲೆಯಬೇಕಿಲ್ಲ, ಕಾರ್ಯಕ್ರಮಕ್ಕೆ ಬಂದು ಹಾಜರಾತಿ ಕಳೆದುಕೊಂಡೆ ಎಂದು ಯಾರೂ ಅಳಬೇಕಿಲ್ಲ.

ಕ್ಯಾಲೆಂಡರ್ ಬರೆಯುವುದು

ಸಂಘದ ಕೋಣೆಯ ಗೋಡೆಗೆ ಒಂದು ದೊಡ್ಡ ಚಾರ್ಟ್ ಅಂಟಿಸಿ. ವಾರಗಳನ್ನು ಅಡ್ಡಕ್ಕೆ ಬರೆಯಿರಿ. ಆಮೇಲೆ ನಿಮಗೆ ಸಿಗದ ವಾರಗಳನ್ನು ಒಂದೊಂದಾಗಿ ಹೊಡೆದುಹಾಕಿ. ಸಿಗುವ ವಾರ ಹುಡುಕುವುದಕ್ಕಿಂತ ಇದು ಸುಲಭ.

ಆಡ್ ಸೆಮ್, ಅಂದರೆ ವರ್ಷದ ಮೊದಲ ಅರ್ಧ, ಹದಿನಾರು ವಾರ ಎಂದು ಇಟ್ಟುಕೊಳ್ಳಿ. ಮೊದಲ ವಾರ ಯಾರೂ ಪೂರ್ತಿ ಬಂದಿರುವುದಿಲ್ಲ. ಇಂಟರ್ನಲ್ಸ್ (ಕಾಲೇಜೇ ನಡೆಸುವ ಒಳಪರೀಕ್ಷೆ) ನಡೆಯುವ ವಾರಗಳನ್ನೂ ಒಂದೊಂದರ ಹಿಂದಿನ ಎರಡು ಮೂರು ದಿನಗಳನ್ನೂ ಬಿಡಿ, ನೂರರಲ್ಲಿ ಐವತ್ತು ಅಂಕ ಒಳಗೇ ಇರುವಾಗ ಆ ದಿನಗಳಲ್ಲಿ ಯಾರಿಗೂ ಕಿವಿ ಇರುವುದಿಲ್ಲ. ಕೊನೆಯ ಎರಡು ವಾರ ರೆಕಾರ್ಡ್ ಬರೆಯುವುದಕ್ಕೂ ಲ್ಯಾಬ್ ಪರೀಕ್ಷೆಗೂ ಹೋಗುತ್ತವೆ. ಚೌತಿಯ ವಾರವನ್ನು ಇಡೀ ಬಿಟ್ಟುಬಿಡಿ. ಸರಕಾರಿ ರಜೆ ಒಂದೇ ದಿನ ಇದ್ದರೂ ನಮ್ಮ ಕಡೆ ಒಂದೂವರೆ ದಿನದ ಗಣಪತಿ, ಐದು ದಿನದ ಗಣಪತಿ ಎಂದು ಮನೆಮನೆಗೂ ಬೇರೆ ಲೆಕ್ಕ. ದೂರದ ಹಾಸ್ಟೆಲಿನವರೂ ಊರಿಗೆ ಹೋಗಿರುತ್ತಾರೆ. ದಸರಾ, ದೀಪಾವಳಿ ಸೇರಿ ಇನ್ನೊಂದು ವಾರ ಹೋಗುತ್ತದೆ. ಉಳಿಯುವುದು ಎಂಟು ವಾರ. ಎಂಟರಲ್ಲಿ ಐದು ಕಾರ್ಯಕ್ರಮ ಇಡಿ, ಹೆಚ್ಚೆಂದರೆ ಆರು. ಹದಿನೈದು ಹಾಕಿ ಒಂಬತ್ತನ್ನು ರದ್ದು ಮಾಡಿದ ಸಂಘವನ್ನು ಮುಂದಿನ ವರ್ಷದ ಜೂನಿಯರುಗಳು ನಂಬುವುದಿಲ್ಲ.

ಈವನ್ ಸೆಮ್ಮಿನಲ್ಲಿ, ಅಂದರೆ ಎರಡನೇ ಅರ್ಧದಲ್ಲಿ, ಹೊಡೆಯುವ ವಾರಗಳು ಬೇರೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫೆಬ್ರವರಿ ಇಲ್ಲವೇ ಮಾರ್ಚಿನಲ್ಲಿ. ಆ ವರ್ಷ ಶಿರಸಿ, ಸಿದ್ದಾಪುರದ ಹುಡುಗರು ಕ್ಲಾಸಿನಲ್ಲಿ ಇರುವುದಿಲ್ಲ. ಪುಷ್ಯ ಹುಣ್ಣಿಮೆಗೆ ಕೂರ್ಮಗಡದ ನರಸಿಂಹ ಜಾತ್ರೆ, ಕೋಡಿಬಾಗದಿಂದ ದೋಣಿ ಹತ್ತುವವರಲ್ಲಿ ನಿಮ್ಮ ಕ್ಲಾಸಿನವರೂ ಇರುತ್ತಾರೆ. ಹೋಳಿಯ ಹೊತ್ತಿಗೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ. ಯಾರ ಮನೆಯಲ್ಲಿ ಸುಗ್ಗಿಯ ಮೇಳ ಹೊರಡುತ್ತದೋ ಅವರನ್ನು ಆ ವಾರ ಕೋಡಿಂಗ್ ಸ್ಪರ್ಧೆಗೆ ಕರೆಯುವುದು ಸರಿಯಲ್ಲ. ಈ ದಿನಗಳು ಯಾವ ವಿಶ್ವವಿದ್ಯಾಲಯದ ಸುತ್ತೋಲೆಯಲ್ಲೂ ಸಿಗುವುದಿಲ್ಲ, ಸಿಆರ್‌ಗಳನ್ನೇ ಕೂರಿಸಿಕೊಂಡು ಕೇಳಿ ಬರೆಯಬೇಕು.

ಮಳೆಯ ಲೆಕ್ಕ

ಸೆಪ್ಟೆಂಬರ್ ಮುಗಿಯುವ ತನಕ ಅಂಗಳದಲ್ಲಿ ಏನನ್ನೂ ಇಡಬೇಡಿ, ಹೊರಗಿನ ಊರಿನ ಅತಿಥಿಯನ್ನು ನೆಚ್ಚಿಕೊಳ್ಳಬೇಡಿ. ಬೆಂಗಳೂರಿನಿಂದ ಹೊರಟವರು ಅರಬೈಲ್ ಘಟ್ಟದಲ್ಲಿ ಮರ ಬಿದ್ದು ನಿಂತರೆ ಇಲ್ಲಿ ಇನ್ನೂರು ಮಂದಿ ಖಾಲಿ ವೇದಿಕೆ ನೋಡುತ್ತ ಕೂರಬೇಕಾಗುತ್ತದೆ. ಸೆಪ್ಟೆಂಬರ್ 15ರ ಇಂಜಿನಿಯರ್‌ಗಳ ದಿನಕ್ಕೆ ಇಲ್ಲೇ ಇರುವವರನ್ನು ಕರೆಯಿರಿ. ಲೋಕೋಪಯೋಗಿ ಇಲಾಖೆಯವರು, ಬಂದರಿನವರು, ಕೊಂಕಣ ರೈಲ್ವೆಯವರು, ಹೆಸ್ಕಾಂನ (ನಮ್ಮ ಕಡೆ ಕರೆಂಟು ಕೊಡುವ ಕಂಪನಿ) ಲೈನ್ ಮೇಲೆ ನಿಂತು ಕೆಲಸ ಮಾಡಿದವರು. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕಿ ಮುಗಿಸುವ ಬದಲು, ಮಳೆಗಾಲದಲ್ಲಿ ಕಂಬ ಬಿದ್ದ ರಾತ್ರಿ ಏನೇನು ಮಾಡುತ್ತಾರೆ ಎಂದು ಹೆಸ್ಕಾಂನ ಒಬ್ಬ ಲೈನ್‌ಮನ್ ಬಾಯಲ್ಲಿ ಕೇಳುವುದು ಇಲೆಕ್ಟ್ರಿಕಲ್ಲಿನವರಿಗೆ ಹೆಚ್ಚು ದಕ್ಕುತ್ತದೆ. ಆ ಕಾರ್ಯಕ್ರಮವನ್ನು ಕರೆಂಟು ಹೋದರೂ ನಡೆಯುವ ಹಾಗೆ ಕಟ್ಟಿ. ಪ್ರೊಜೆಕ್ಟರ್ ಇಲ್ಲದೆ ಮಾತಾಡಬಲ್ಲವರು, ಬೋರ್ಡು, ಸೀಮೆಸುಣ್ಣ. ಜನರೇಟರಿಗೆ ಡೀಸೆಲ್ ಇದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ.

ತಾಂತ್ರಿಕ ಕಾರ್ಯಕ್ರಮಗಳು: ಇಲ್ಲಿ ಸಮಯ ಕೊಡಿ

ಈ ಭಾಗಕ್ಕೆ ನನ್ನ ಒತ್ತು ಹೆಚ್ಚು, ಏಕೆಂದರೆ ನಮ್ಮ ಸುತ್ತ ಇರುವಷ್ಟು ಇಂಜಿನಿಯರಿಂಗ್ ಬೇರೆ ಜಿಲ್ಲೆಗಳಿಗೆ ಸುಲಭದಲ್ಲಿ ಸಿಗುವುದಿಲ್ಲ. ಆನ್‌ಲೈನ್ ವೆಬಿನಾರು ಎಲ್ಲಿ ಕೂತರೂ ಸಿಗುತ್ತದೆ. ಕಾಳಿ ನದಿ ಇಲ್ಲಿ ಮಾತ್ರ ಇದೆ.

ಒಂದು ಸೆಮಿಸ್ಟರಿಗೆ ಒಂದು ವಿಷಯ ಆರಿಸಿ, ಎರಡು ಅಥವಾ ಮೂರು ಬುಧವಾರಗಳನ್ನು ಅದಕ್ಕೇ ಕೊಡಿ. ಉದಾಹರಣೆಗೆ ಕಾಳಿ ನದಿಯನ್ನೇ ತೆಗೆದುಕೊಳ್ಳಿ. ಮೇಲೆ ಸೂಪಾ ಅಣೆಕಟ್ಟು, ಅದರ ಬುಡದಲ್ಲಿ 100 ಮೆಗಾವಾಟ್. ಕೆಳಗೆ ನಾಗಝರಿ ವಿದ್ಯುದಾಗಾರ, ಆಮೇಲೆ ಕೊಡಸಳ್ಳಿ 120, ಕದ್ರಾ 150. ಕದ್ರಾ ಜಲಾಶಯದ ನೀರನ್ನೇ ತಂಪಿಗೆ ಬಳಸಿಕೊಂಡು ಕೈಗಾ ಅಣುವಿದ್ಯುತ್ ಸ್ಥಾವರದ ನಾಲ್ಕು ಘಟಕಗಳು, ಒಂದೊಂದೂ 220 ಮೆಗಾವಾಟ್. ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ ಕೊನೆಯಲ್ಲಿ ನಿಲ್ಲಿಸುವ ತನಕ 962 ದಿನ ಬಿಡದೆ ಓಡಿ ಆಗ ಜಾಗತಿಕ ದಾಖಲೆ ಮಾಡಿತು. ಮೊದಲ ಬುಧವಾರ ಇಲೆಕ್ಟ್ರಿಕಲ್ಲಿನ ಮೂರನೇ ವರ್ಷದವರು ಈ ನಕ್ಷೆಯನ್ನು ಎಲ್ಲರಿಗೂ ಬಿಡಿಸಿ ಹೇಳಲಿ. ಎರಡನೆಯ ಬುಧವಾರ ಮೆಕ್ಯಾನಿಕಲ್ಲಿನವರು ಟರ್ಬೈನಿನ ಕತೆ ಹೇಳಲಿ: ಎತ್ತರದಿಂದ ಬೀಳುವ ನೀರಿಗೆ ಬೇರೆ ಟರ್ಬೈನು, ಕಡಿಮೆ ಎತ್ತರದ್ದಕ್ಕೆ ಬೇರೆ ಟರ್ಬೈನು ಏಕೆ ಎಂದು. ಭೇಟಿ ಆಮೇಲೆ. ತಯಾರಿ ಇಲ್ಲದೆ ಕರೆದೊಯ್ದರೆ ಹುಡುಗರು ಜಲಾಶಯದ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ, ಅಷ್ಟೇ.

ಇಂಥ ಸ್ಥಾವರಗಳ ಪರವಾನಿಗೆಗೆ ಕನಿಷ್ಠ ಆರು ವಾರ ಮೊದಲು ಪತ್ರ ಹೋಗಲಿ. ಪ್ರಿನ್ಸಿಪಾಲರ ಸಹಿ ಇರುವ ಲೆಟರ್‌ಹೆಡ್, ವಿದ್ಯಾರ್ಥಿಗಳ ಪಟ್ಟಿ, ಗುರುತಿನ ಚೀಟಿಯ ಪ್ರತಿ, ಜೊತೆಗೆ ಬರುವ ಉಪನ್ಯಾಸಕರ ಹೆಸರು. ಪಟ್ಟಿ ಕೊಟ್ಟ ಮೇಲೆ ಹೆಸರು ಬದಲಿಸುವುದು ಕಷ್ಟ, ಆದ್ದರಿಂದ ಬರುತ್ತೇನೆ ಎಂದವರಿಂದ ಮೊದಲೇ ಸಹಿ ಹಾಕಿಸಿಕೊಳ್ಳಿ. ಮೊಬೈಲು, ಕ್ಯಾಮೆರಾ ಒಳಗೆ ಬಿಡದಿರಬಹುದು, ಪಾದ ಮುಚ್ಚುವ ಶೂ ಬೇಕಾಗಬಹುದು. ಇವನ್ನು ಹಿಂದಿನ ಸಂಜೆ ಗ್ರೂಪಿನಲ್ಲಿ ಹಾಕಿದರೆ ಸಾಲದು, ಪಟ್ಟಿಗೆ ಸಹಿ ಹಾಕಿಸುವಾಗಲೇ ಬಾಯಲ್ಲಿ ಹೇಳಿ.

ಸಿವಿಲ್ಲಿನವರಿಗೆ ನನ್ನದೊಂದು ಬೇಡಿಕೆ ಇದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದ ಜನ, ವಾಹನ ಗಂಗಾವಳಿ ಹೊಳೆಯ ಪಾಲಾದವು. ಮೂರು ವಾರದ ಮೇಲೆ, ಆಗಸ್ಟ್ 7ರ ನಸುಕಿನಲ್ಲಿ, ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಕಾಳಿಯ ಹಳೆ ಸೇತುವೆ ಕುಸಿಯಿತು. ಲಾರಿಯ ಜೊತೆ ನೀರಿಗೆ ಬಿದ್ದ ಚಾಲಕನನ್ನು ಪೊಲೀಸರೂ ಮೀನುಗಾರರೂ ಸೇರಿ ಬದುಕಿಸಿದರು. ನಾವು ದಿನಾ ದಾಟುವ ಹೊಳೆ, ದಿನಾ ಬರುವ ರಸ್ತೆ. ಇವೆರಡರ ಬಗ್ಗೆ ಪ್ರತಿ ಮಳೆಗಾಲ ಒಂದು ಗಂಭೀರ ಮಧ್ಯಾಹ್ನ ಇರಲೇಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗುಡ್ಡದ ಬುಡ ಕಡಿದು ಇಳಿಜಾರನ್ನು ಕಡಿದಾಗಿಸಿದರೆ ಏನಾಗುತ್ತದೆ, ಜಂಬಿಟ್ಟಿಗೆಯ ಕೆಳಗಿನ ಜೇಡಿ ಪದರ ನೀರು ಕುಡಿದಾಗ ಹಿಡಿತ ಹೇಗೆ ಸಡಿಲುತ್ತದೆ, ನೀರು ಹೊರಗೆ ಹೋಗಲು ದಾರಿ ಎಲ್ಲಿ ಬಿಡಬೇಕು. ಉಪ್ಪು ಗಾಳಿಯಲ್ಲಿ ಕಾಂಕ್ರೀಟಿನ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಹೊರಗಿನ ಪದರವನ್ನು ಹೇಗೆ ಒಡೆಯುತ್ತದೆ. ಮಣ್ಣಿನ ಲ್ಯಾಬಿನಲ್ಲಿ ಒಣ ಮಾದರಿ, ತೊಯ್ದ ಮಾದರಿ ಎರಡನ್ನೂ ಪರೀಕ್ಷಿಸಿ ತೋರಿಸಿ. ಬೇರೆ ಬ್ರಾಂಚಿನವರೂ ಬರಲಿ, ಬಸ್ಸು ಎಲ್ಲರದೂ. ಯಾರ ಮನೆಯವರಾದರೂ ಆ ದುರಂತಗಳಲ್ಲಿ ನೊಂದಿರಬಹುದು ಎಂಬುದು ನೆನಪಿರಲಿ, ಕುಸಿತದ ವಿಡಿಯೋ ಹಾಕಬೇಡಿ.

ಮೆಕ್ಯಾನಿಕಲ್ಲಿಗೆ ಬೈತಖೋಲದ ಮೀನುಗಾರಿಕೆ ಬಂದರು ಇದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಎಂಜಿನ್ ಬಿಚ್ಚಿ ರಿಪೇರಿ ಮಾಡುವುದು ಹೆಚ್ಚಾಗಿ ಆ ದಿನಗಳಲ್ಲೇ. ಸೆಮಿಸ್ಟರು ಜುಲೈಯಲ್ಲಿ ನಡೆಯುತ್ತಿದ್ದರೆ ಹತ್ತು ಹನ್ನೆರಡು ಮಂದಿಯ ಗುಂಪು ಮಾಡಿಕೊಂಡು ಹೋಗಿ. ಮಿಸ್ತ್ರಿಗಳಿಗೆ ಮೊದಲೇ ಹೇಳಿರಬೇಕು, ಅವರ ಕೂಲಿಯ ಹೊತ್ತನ್ನು ಬಿಟ್ಟಿಯಾಗಿ ತಿನ್ನಬಾರದು, ಮಾತಾಡಿ ತೋರಿಸುವವರಿಗೆ ಅತಿಥಿ ಉಪನ್ಯಾಸಕರಿಗೆ ಕೊಡುವ ಗೌರವಧನವನ್ನೇ ಕೊಡಿ. ಕೊಂಕಣಿ ಬಲ್ಲವರೊಬ್ಬರು ಪ್ರತಿ ಗುಂಪಿನಲ್ಲೂ ಇರಲಿ.

ಹ್ಯಾಕಥಾನಿನ (ತಂಡಗಳು ಕೂತು ಒಂದು ಸಮಸ್ಯೆಗೆ ಪರಿಹಾರ ಕಟ್ಟುವ ಸ್ಪರ್ಧೆ) ಬಗ್ಗೆ ಒಂದೇ ಮಾತು. ಸ್ಮಾರ್ಟ್ ಇಂಡಿಯಾ ಹ್ಯಾಕಥಾನಿನ ಒಳಸುತ್ತು ಹೇಗೂ ನಡೆಸಬೇಕಾಗುತ್ತದೆ, ಅದಕ್ಕೆ ರಾತ್ರಿಯಿಡೀ ಕೂರಿಸುವ ಅಗತ್ಯವಿಲ್ಲ. ಎರಡು ಹಗಲು ಸಾಕು. ಸಮಸ್ಯೆಗಳನ್ನು ಮಾತ್ರ ನಿಮ್ಮ ಹುಡುಗರ ಮನೆಗಳಿಂದಲೇ ತರಿಸಿ: ಮೀನು ಮಾರುವ ಅಮ್ಮನ ಪೆಟ್ಟಿಗೆಯ ಐಸು ಮಧ್ಯಾಹ್ನದ ತನಕ ಉಳಿಯುವುದು, ಮಳೆಗಾಲದಲ್ಲಿ ಅಡಿಕೆ ಒಣಗಿಸುವುದು, ಊರಿಗೆ ಬರುವ ಬಸ್ಸು ಈಗ ಎಲ್ಲಿದೆ ಎಂದು ತಿಳಿಯುವುದು. ಚೆನ್ನಾಗಿ ಬಂದದ್ದನ್ನು ಅಂತಿಮ ವರ್ಷದ ಪ್ರಾಜೆಕ್ಟ್ ಮಾಡಿಕೊಂಡು ಕೆಎಸ್‌ಸಿಎಸ್‌ಟಿಯ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಗೆ ಕಳಿಸಲು ಗೈಡ್ ಮೇಷ್ಟ್ರಿಗೆ ಹೇಳಿ.

ಪಾಯಿಂಟು, ಗಿಡ, ಸಮುದ್ರದಂಡೆ

ಎಐಸಿಟಿಇ (ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ) ಆಕ್ಟಿವಿಟಿ ಪಾಯಿಂಟ್, ಅಂದರೆ ಕ್ಲಾಸಿನ ಹೊರಗಿನ ಸಮಾಜಸೇವೆಯಂಥ ಕೆಲಸಕ್ಕೆ ಸಿಗುವ ಅಂಕ, ಮೊದಲ ವರ್ಷಕ್ಕೆ ಸೇರಿದವರಿಗೆ 100 ಬೇಕು, ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಬಂದವರಿಗೆ 75. ಕೊನೆಯ ವರ್ಷದಲ್ಲಿ ಪರದಾಡುವವರು ಹೆಚ್ಚಾಗಿ ಬಸ್ಸಿನವರೇ, ಭಾನುವಾರದ ಶಿಬಿರಕ್ಕೆ ಬರಲಾಗದವರು. ಅವರ ಊರಿನಲ್ಲೇ ಮಾಡಬಹುದಾದ ಕೆಲಸ ಕೊಡಿ: ಅಂಗನವಾಡಿಯ ವೈರಿಂಗ್ ನೋಡಿ ವರದಿ ಬರೆಯುವುದು, ಊರ ಬಾವಿಗಳ ನೀರಿನ ಮಟ್ಟ ತಿಂಗಳಿಗೊಮ್ಮೆ ಅಳೆಯುವುದು, ಪಂಚಾಯತಿಗೆ ಒಂದು ನಕ್ಷೆ ಮಾಡಿಕೊಡುವುದು. ಮೊದಲು ಸಂಯೋಜಕ ಮೇಷ್ಟ್ರಿಂದ ಬರವಣಿಗೆಯಲ್ಲಿ ಒಪ್ಪಿಗೆ, ಕೆಲಸವಾದ ಮೇಲೆ ಪಂಚಾಯತಿಯ ಮುದ್ರೆ.

ಗಿಡ ನೆಡುವುದಾದರೆ ಜೂನ್ ಕೊನೆಯಿಂದ ಜುಲೈ. ಸಸಿ ಅರಣ್ಯ ಇಲಾಖೆಯ ನರ್ಸರಿಯಿಂದ ತನ್ನಿ. ಪದ್ಮಶ್ರೀ ಪಡೆದ ಹೊನ್ನಳ್ಳಿಯ ತುಳಸಿ ಗೌಡ ಅಂಥ ನರ್ಸರಿಗಳಲ್ಲಿ ಕೂಲಿಯಾಗಿ ದುಡಿಯುತ್ತಲೇ ಬೀಜದ ಗುಣ, ತಾಯಿಮರದ ಗುಣ ಕಲಿತವರು. ನಮ್ಮ ಜಿಲ್ಲೆಯ ಹುಡುಗರು ಫೋಟೋ ತೆಗೆದು ಸಸಿಯನ್ನು ದನಕ್ಕೆ ಬಿಡಬಾರದು. ನೂರು ಬೇಡ, ಇಪ್ಪತ್ತು ಸಾಕು. ಪ್ರತಿ ಸಸಿಗೂ ಬೇಲಿ, ಬೇಸಿಗೆಯಲ್ಲಿ ನೀರು ಹಾಕುವ ಇಬ್ಬರ ಹೆಸರು. ಟಾಗೋರ್ ಕಡಲತೀರದ ಸ್ವಚ್ಛತೆಯನ್ನು ಮಳೆ ನಿಂತ ಮೇಲೆ ಬೆಳಿಗ್ಗೆ ಇಡಿ. ಎತ್ತಿದ ಕಸ ಒಯ್ಯುವ ಗಾಡಿಗೆ ನಗರಸಭೆಗೆ ಮೊದಲೇ ಪತ್ರ ಕೊಡದಿದ್ದರೆ ಚೀಲಗಳು ಅಲ್ಲೇ ಉಳಿಯುತ್ತವೆ.

ಸಾಂಸ್ಕೃತಿಕ, ಕ್ರೀಡೆ

ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ತರಿಸುವ ಬದಲು ನಿಮ್ಮಲ್ಲೇ ಇರುವವರನ್ನು ಹುಡುಕಿ. ಘಟ್ಟದ ಮೇಲಿನವರಲ್ಲಿ ಯಕ್ಷಗಾನದ ಚಂಡೆ ಮದ್ದಳೆ ಕಲಿತವರು, ತಾಳಮದ್ದಳೆಯಲ್ಲಿ ಅರ್ಥ ಹೇಳಬಲ್ಲವರು ಇದ್ದೇ ಇರುತ್ತಾರೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹುಡುಗರಿಗೆ ಡಮಾಮಿ ಕುಣಿತ ಗೊತ್ತಿದ್ದರೆ ಮನೆಯವರನ್ನೂ ಕರೆಸಿ. ಎರಡು ಗಂಟೆಯ ತಾಳಮದ್ದಳೆಗೆ ವೇಷ ಬೇಡ, ರಂಗಸ್ಥಳ ಬೇಡ, ನಾಲ್ಕಕ್ಕೆ ಮುಗಿಯುತ್ತದೆ. ಕೊಂಕಣಿ ಹಾಡು ಬೇಡ ಎನ್ನುವವರು ಪ್ರತಿ ವರ್ಷ ಒಬ್ಬರಾದರೂ ಹುಟ್ಟಿಕೊಳ್ಳುತ್ತಾರೆ. ಕಾರವಾರದಲ್ಲಿ ಕೊಂಕಣಿ ಮಾತಾಡುವ ಮನೆಯವರೂ ಅದೇ ರಾಜ್ಯೋತ್ಸವಕ್ಕೆ ಧ್ವಜ ಹಿಡಿಯುತ್ತಾರೆ ಎಂದು ನೇರವಾಗಿ ಹೇಳಿ, ಹಾಡು ಇಡಿ.

ಕ್ರೀಡೆಯನ್ನು ದೈಹಿಕ ಶಿಕ್ಷಕರಿಗೆ ಬಿಡಿ. ವಲಯ ಮಟ್ಟಕ್ಕೆ ಹೋದವರ ಓಡಿ ಪತ್ರವನ್ನು ಅವರು ಹಿಂತಿರುಗುವ ಮೊದಲೇ ವಿಭಾಗಗಳಿಗೆ ತಲುಪಿಸುವುದು ಮಾತ್ರ ಸಂಘದ ಕೆಲಸ.

ಹಣ ಮತ್ತು ಕೈಗಳು

ಒಟ್ಟು ಹಣದ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಫೆಸ್ಟಿಗೆ ಇಡಬೇಡಿ. ಫೆಸ್ಟೂ ಹಗಲಿನಲ್ಲೇ. ಹತ್ತಕ್ಕೆ ಶುರು, ನಾಲ್ಕಕ್ಕೆ ಬಹುಮಾನ ವಿತರಣೆ ಮುಗಿದಿರಬೇಕು. ಸಂಜೆಯ ಹಾಡು ಕುಣಿತ ಹಾಸ್ಟೆಲಿನವರು ಬೇಕಾದರೆ ಪ್ರತ್ಯೇಕ ಇಟ್ಟುಕೊಳ್ಳಲಿ. ಭೇಟಿಗಳಿಗೆ ಹೋಗುವಾಗ ಚಿಕ್ಕ ಗುಂಪಾದರೆ ವಾಯವ್ಯ ಸಾರಿಗೆಯ ಸಾಮಾನ್ಯ ಬಸ್ಸೇ ಸಾಕು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟಿನ ಖರ್ಚಿಲ್ಲ, ಗುರುತಿನ ಚೀಟಿ ಇದ್ದರಾಯಿತು, ಹುಡುಗರ ಟಿಕೆಟನ್ನು ಸಂಘ ಕೊಡಬಹುದು. ದೊಡ್ಡ ಗುಂಪಿಗೆ ಡಿಪೋದಲ್ಲಿ ಬಾಡಿಗೆ ಬಸ್ಸು ಕೇಳಿ, ಅದಕ್ಕೆ ಶಕ್ತಿ ಅನ್ವಯಿಸುವುದಿಲ್ಲ, ಪೂರ್ತಿ ಬಾಡಿಗೆ ಬಜೆಟ್ಟಿನಲ್ಲಿ ಬರೆಯಿರಿ. ಯಾವುದೇ ದೊಡ್ಡ ಖರೀದಿಗೆ ಮೂರು ಕೊಟೇಶನ್, ಜಿಎಸ್‌ಟಿ ಬಿಲ್, ಖಜಾಂಚಿಯ ಸಹಿ. ಪೇಟೆಯ ಅಂಗಡಿಗಳಿಗೆ ಪ್ರಾಯೋಜಕರಾಗಿ ಎಂದು ಪ್ರತಿ ಕಾರ್ಯಕ್ರಮಕ್ಕೂ ಹೋಗಬೇಡಿ, ವರ್ಷಕ್ಕೊಮ್ಮೆ ಹೋಗಿ.

ಪ್ರತಿ ಕಾರ್ಯಕ್ರಮಕ್ಕೆ ಇಬ್ಬರು ಹೊಣೆಗಾರರು: ಮೂರನೇ ವರ್ಷದವರೊಬ್ಬರು, ಎರಡನೇ ವರ್ಷದವರೊಬ್ಬರು. ಅಂತಿಮ ವರ್ಷದವರನ್ನು ಏಳನೇ ಸೆಮ್ಮಿನಲ್ಲಿ ಮುಂದಕ್ಕೆ ದೂಡಬೇಡಿ, ಅವರಿಗೆ ಪ್ಲೇಸ್‌ಮೆಂಟ್ ಇದೆ, ಸಲಹೆಗೆ ಸಾಕು. ಇಬ್ಬರಲ್ಲಿ ಒಬ್ಬರು ಬಸ್ಸಿನವರಾಗಿರಲಿ. ಸಂಘದ ಸಭೆಯೂ ಊಟದ ಬಿಡುವಿನಲ್ಲಿ ನಡೆಯಲಿ, ಹಾಸ್ಟೆಲಿನ ರೂಮಿನಲ್ಲಿ ರಾತ್ರಿ ಒಂಬತ್ತಕ್ಕೆ ತೀರ್ಮಾನವಾದದ್ದನ್ನು ಮರುದಿನ ಬೆಳಿಗ್ಗೆ ಉಳಿದವರು ಗ್ರೂಪಿನಲ್ಲಿ ಓದುವ ಹಾಗಾಗಬಾರದು. ಹುಡುಗಿಯರ ಹಾಸ್ಟೆಲಿನವರಿಗೂ ಆ ಹೊತ್ತಿಗೆ ಹೊರಗೆ ಬರಲಾಗುವುದಿಲ್ಲ.

ಪ್ರತಿ ಕಾರ್ಯಕ್ರಮ ಮುಗಿದ ಮರುದಿನ ಒಂದು ಪುಟ ಬರೆದು ಫೈಲಿಗೆ ಹಾಕಿ: ಎಷ್ಟು ಮಂದಿ ಬಂದರು, ಅವರಲ್ಲಿ ಬಸ್ಸಿನವರೆಷ್ಟು, ಖರ್ಚೆಷ್ಟು, ಯಾರಿಗೆ ಪತ್ರ ಬರೆದಿರಿ, ಉತ್ತರ ಬರಲು ಎಷ್ಟು ದಿನ ಹಿಡಿಯಿತು. ಕೊನೆಯ ಸಂಖ್ಯೆ ಮುಂದಿನ ತಂಡಕ್ಕೆ ಬಹಳ ಬೇಕಾಗುತ್ತದೆ. ಮುಂಗಡ ಪಡೆದ ಹಣದ ಲೆಕ್ಕವನ್ನು ಲ್ಯಾಬ್ ಪರೀಕ್ಷೆ ಶುರುವಾಗುವ ಮೊದಲು ಆಫೀಸಿಗೆ ಒಪ್ಪಿಸಿ ರಸೀದಿ ಪಡೆಯಿರಿ. ಊರು ಮತ್ತು ಬಸ್ಸಿನ ಹಾಳೆಯನ್ನು ಪ್ರತಿ ಸೆಮಿಸ್ಟರಿಗೂ ಹೊಸದಾಗಿ ತುಂಬಿಸಿ, ಡಿಪೋದವರು ವೇಳಾಪಟ್ಟಿ ಬದಲಿಸುತ್ತಲೇ ಇರುತ್ತಾರೆ.